ಗೆರ್ಡಾ ಲರ್ನರ್ ಅವರ ತರಗತಿ

ವೇದಿಕೆಯ ಮೇಲಿರುವ ಹಿರಿಯರೇ, ಬೇರೆ ಬೇರೆ ಕಾಲೇಜುಗಳಿಂದ ಬಂದಿರುವ ಇತಿಹಾಸದ ಮೇಷ್ಟ್ರುಗಳೇ, ಮೇಡಂಗಳೇ, ವಿದ್ಯಾರ್ಥಿಗಳೇ, ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವ ಮಕ್ಕಳು ಒಳಗೆ ಬನ್ನಿ, ಮುಂದೆ ಕುರ್ಚಿಗಳು ಖಾಲಿ ಇವೆ. ನಾನು ಪ್ರಶ್ನೆ ಕೇಳುವುದಿಲ್ಲ, ಧೈರ್ಯವಾಗಿ ಕೂತುಕೊಳ್ಳಿ.

ಮಾರ್ಚ್ ತಿಂಗಳು ಬಂದರೆ ಎಲ್ಲ ಕಾಲೇಜುಗಳಲ್ಲೂ ಮಹಿಳಾ ದಿನಾಚರಣೆ ನಡೆಯುತ್ತದೆ. ರಂಗೋಲಿ, ಭಾಷಣ, ಸಾಧಕಿಯರಿಗೆ ಸನ್ಮಾನ. ನಡೆಯಲಿ, ಹುಡುಗಿಯರು ಒಟ್ಟಿಗೆ ನಗುತ್ತಾ ಓಡಾಡುವುದನ್ನು ನೋಡುವುದೇ ಒಂದು ಖುಷಿ. ಆದರೆ ಮಾರ್ಚ್ 9ಕ್ಕೆ ಏನಾಗುತ್ತದೆ? ನಾನು ತರಗತಿಗೆ ಹೋಗುತ್ತೇನೆ, ಅದೇ ಪಠ್ಯಪುಸ್ತಕ ತೆಗೆಯುತ್ತೇನೆ. ರಾಜ, ಯುದ್ಧ, ಆಡಳಿತ, ಕಂದಾಯ, ವಾಸ್ತುಶಿಲ್ಪ. ಅಧ್ಯಾಯದ ಕೊನೆಯಲ್ಲಿ ‘ಮಹಿಳೆಯರ ಸ್ಥಾನಮಾನ’ ಅಂತ ಒಂದು ಪ್ಯಾರಾ. ಐದು ಅಂಕದ ಟಿಪ್ಪಣಿಗೆ ಬರುತ್ತದೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಮೌರ್ಯರ ಕಾಲಕ್ಕೂ ಗುಪ್ತರ ಕಾಲಕ್ಕೂ ಹೆಚ್ಚುಕಮ್ಮಿ ಅದೇ ಪ್ಯಾರಾ. ಎಷ್ಟೋ ವರ್ಷಗಳಿಂದ ಇದನ್ನೇ ಪಾಠ ಮಾಡಿಕೊಂಡು ಬಂದಿದ್ದೇವೆ, ಅಲ್ವಾ?

ಅದಕ್ಕೇ ಇವತ್ತು ನಾನು ಒಬ್ಬ ಟೀಚರ್ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ಗೆರ್ಡಾ ಲರ್ನರ್, ಅಮೆರಿಕದ ಇತಿಹಾಸಕಾರ್ತಿ. ಎಂಎ ಮಾಡಿದವರಿಗೆ ಹೆಸರು ಗೊತ್ತಿರುತ್ತದೆ. ಪಿತೃಪ್ರಧಾನ ವ್ಯವಸ್ಥೆ ಹೇಗೆ ಹುಟ್ಟಿತು ಅಂತ 1986ರಲ್ಲಿ ಅವರು ಬರೆದ ಪುಸ್ತಕದ ಒಂದೋ ಎರಡೋ ಅಧ್ಯಾಯದ ಜೆರಾಕ್ಸ್ ಪ್ರತಿ ನಮ್ಮೆಲ್ಲರ ಹತ್ತಿರ ಇದೆ. ಅವರ ಬಗ್ಗೆ ಮಾತಾಡುವವರೆಲ್ಲ ಆ ಪುಸ್ತಕದಿಂದಲೇ ಶುರು ಮಾಡುತ್ತಾರೆ. ನಾನು ಅವರ ತರಗತಿಯಿಂದ ಶುರು ಮಾಡುತ್ತೇನೆ. ಹೆಣ್ಣುಮಕ್ಕಳ ಬಗ್ಗೆ ಒಳ್ಳೆಯ ಪುಸ್ತಕ ಬರೆದವರು ಅವರಿಗಿಂತ ಮುಂಚೆಯೂ ಇದ್ದರು. ಆ ಪುಸ್ತಕಗಳು ಕಪಾಟಿನಲ್ಲಿ ಉಳಿದವು, ಮುಂದಿನವರಿಗೆ ದಾಟಲಿಲ್ಲ. ಲರ್ನರ್ ಮಾಡಿದ ದೊಡ್ಡ ಕೆಲಸ ಅಂದರೆ ಅದನ್ನು ಪಾಠಪಟ್ಟಿಗೆ ತಂದದ್ದು. ಕೋರ್ಸ್ ಮಾಡಿದರು, ಪದವಿ ಮಾಡಿದರು, ಹುದ್ದೆ ಮಾಡಿಸಿದರು. ಇವತ್ತು ನಾನು ಈ ಮಾತನ್ನು ನಾಲ್ಕೈದು ಸಲವಾದರೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

1963. ನ್ಯೂಯಾರ್ಕಿನ ನ್ಯೂ ಸ್ಕೂಲ್ ಎಂಬ ಸಂಸ್ಥೆ. ಅಲ್ಲಿ ‘ಅಮೆರಿಕದ ಇತಿಹಾಸದಲ್ಲಿ ಮಹಾನ್ ಮಹಿಳೆಯರು’ ಅಂತ ಒಂದು ಕೋರ್ಸ್ ನಡೆಯಿತು. ಅಮೆರಿಕದ ಕಾಲೇಜುಗಳಲ್ಲಿ ಮಹಿಳಾ ಇತಿಹಾಸದ ಮೊದಲ ಕೋರ್ಸ್ ಅಂತ ಅದನ್ನೇ ಲೆಕ್ಕ ಹಿಡಿಯುತ್ತಾರೆ. ಅದಕ್ಕೂ ಮೊದಲು ಒಂದು ಸಲ ಪ್ರಕಟಿಸಿದ್ದಾಗ ಸಾಕಷ್ಟು ಜನ ಸೇರದೆ ಕೋರ್ಸ್ ರದ್ದಾಗಿತ್ತು. ಈ ಕಷ್ಟ ಇಲ್ಲಿರುವ ಎಲ್ಲ ಮೇಷ್ಟ್ರುಗಳಿಗೂ ಗೊತ್ತು. ನಗಬೇಡಿ, ಪ್ರಿನ್ಸಿಪಾಲರು ಇಲ್ಲೇ ಕೂತಿದ್ದಾರೆ! ಆದರೆ ಇನ್ನೊಂದು ವಿಷಯ ಕೇಳಿ. ಆ ಕೋರ್ಸ್ ಪಾಠ ಮಾಡಿದ ಟೀಚರ್ ಆಗ ಬಿಎ ವಿದ್ಯಾರ್ಥಿನಿ. ಎರಡು ಮಕ್ಕಳ ತಾಯಿ, ವಯಸ್ಸು 40 ದಾಟಿತ್ತು. ತಾನೇ ಇನ್ನೂ ಡಿಗ್ರಿ ಮುಗಿಸದೆ, ಜಗತ್ತಿನಲ್ಲಿ ಯಾರೂ ಡಿಗ್ರಿ ಕೊಡದ ವಿಷಯವನ್ನು ಪಾಠ ಮಾಡುತ್ತಿದ್ದರು.

ಆ ಧೈರ್ಯ ಎಲ್ಲಿಂದ ಬಂತು? ಸ್ವಲ್ಪ ಹಿಂದೆ ಹೋಗಬೇಕು.

ಗೆರ್ಡಾ ಹುಟ್ಟಿದ್ದು 1920ರ ಏಪ್ರಿಲ್ 30ರಂದು, ವಿಯೆನ್ನಾದಲ್ಲಿ. ಅನುಕೂಲವಂತ ಯಹೂದಿ ಕುಟುಂಬ. ಅಪ್ಪ ಔಷಧದಂಗಡಿ ನಡೆಸುತ್ತಿದ್ದರು, ಅಮ್ಮ ಚಿತ್ರ ಬರೆಯುತ್ತಿದ್ದರು. 1938ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿತು. ಅಪ್ಪ ತಪ್ಪಿಸಿಕೊಂಡು ಲೀಖ್ಟೆನ್‌ಸ್ಟೈನ್ ಸೇರಿದರು, ಅಲ್ಲಿ ಅವರ ಇನ್ನೊಂದು ವ್ಯಾಪಾರ ಇತ್ತು. ನಾಜಿಗಳು ಆಸ್ತಿ ಬರೆಸಿಕೊಳ್ಳಲು ಹೆಂಡತಿಯನ್ನೂ ಮಗಳನ್ನೂ ಹಿಡಿದು ಜೈಲಿಗೆ ಹಾಕಿದರು. ಗೆರ್ಡಾಗೆ 18 ತುಂಬಿದ್ದು ಆ ಸೆರೆಕೋಣೆಯಲ್ಲಿ. ಯಹೂದಿ ಕೈದಿಗಳಿಗೆ ಊಟ ಕಡಿಮೆ. ಅದೇ ಕೋಣೆಯಲ್ಲಿ ರಾಜಕೀಯ ಕಾರಣಕ್ಕೆ ಬಂಧನವಾಗಿದ್ದ ಇಬ್ಬರು ಯುವತಿಯರಿದ್ದರು, ಯಹೂದಿಯರಲ್ಲ. ಅವರು ತಮ್ಮ ಪಾಲಿನ ಊಟವನ್ನು ಈ ಹುಡುಗಿಯ ಜೊತೆ ಹಂಚಿಕೊಂಡು ತಿಂದರು. ಜೀವನಕ್ಕೆ ಬೇಕಾದದ್ದನ್ನೆಲ್ಲ ಆ ಆರು ವಾರಗಳಲ್ಲೇ ಕಲಿತೆ ಅಂತ ಲರ್ನರ್ ಮುದಿವಯಸ್ಸಿನಲ್ಲೂ ಹೇಳುತ್ತಿದ್ದರು. ಬಿಡುಗಡೆಯಾದ ಮೇಲೆ ಶಾಲೆಯ ಕೊನೆಯ ಪರೀಕ್ಷೆಗೆ ಹೋಗಿ ಕೂತರು. ಪರೀಕ್ಷೆ ಬಿಡಲಿಲ್ಲ. ಹಿಂದಿನ ಸಾಲಿನವರು ಇದನ್ನು ಗಮನಿಸಿ.

1939ರಲ್ಲಿ ಒಬ್ಬರೇ ಅಮೆರಿಕಕ್ಕೆ ಬಂದರು. ಹೋಟೆಲಿನಲ್ಲಿ ಊಟ ಬಡಿಸಿದರು, ಅಂಗಡಿಯಲ್ಲಿ ಮಾರಾಟಕ್ಕೆ ನಿಂತರು, ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿದರು, ಎಕ್ಸ್‌ರೇ ತಂತ್ರಜ್ಞೆಯಾದರು. ಸಿನಿಮಾ ಸಂಕಲನಕಾರ ಕಾರ್ಲ್ ಲರ್ನರ್ ಅವರನ್ನು ಮದುವೆಯಾದರು. ಗಂಡ ಹೆಂಡತಿ ಇಬ್ಬರೂ ಕಮ್ಯುನಿಸ್ಟರು. ಸಿನಿಮಾ ಕೆಲಸಕ್ಕೆ ಹಾಲಿವುಡ್‌ಗೆ ಹೋಗಿದ್ದರು. ಅಲ್ಲಿ ಕಮ್ಯುನಿಸ್ಟರನ್ನು ಹುಡುಕಿ ಕೆಲಸದಿಂದ ತೆಗೆಯುತ್ತಿದ್ದ ಕಾಲ. ವಾಪಸ್ ನ್ಯೂಯಾರ್ಕ್‌ಗೆ ಬಂದರು. ಈ ವರ್ಷಗಳಲ್ಲಿ ಗೆರ್ಡಾ ಮಹಿಳಾ ಸಂಘಟನೆಗಳಲ್ಲಿ ದುಡಿದರು. ಬಾಡಿಗೆ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಶಾಂತಿ, ಕರಿಯರ ಹಕ್ಕು, ಎಲ್ಲಕ್ಕೂ ಹೆಂಗಸರೇ ಓಡಾಡುವುದನ್ನು ಕಣ್ಣಾರೆ ಕಂಡರು. ಈ ಅನುಭವ ಇಲ್ಲದಿದ್ದರೆ ಅವರು ಸುಮ್ನೆ ಒಬ್ಬ ಒಳ್ಳೆಯ ವಿದ್ಯಾರ್ಥಿನಿ ಆಗುತ್ತಿದ್ದರು ಅಷ್ಟೇ.

ಕಾಲೇಜಿಗೆ ಹೋದದ್ದೂ ಒಂದು ಕಾದಂಬರಿ ಬರೆಯಲು ಹೋಗಿ. ಗ್ರಿಮ್ಕೆ ಸಹೋದರಿಯರು ಅಂತ ಅಕ್ಕ ತಂಗಿ, ಸಾರಾ ಮತ್ತು ಆಂಜೆಲಿನಾ, 19ನೇ ಶತಮಾನದಲ್ಲಿ ಗುಲಾಮಗಿರಿ ವಿರುದ್ಧ ಹೋರಾಡಿದವರು. ಅವರ ಮೇಲೆ ಐತಿಹಾಸಿಕ ಕಾದಂಬರಿ ಬರೆಯಬೇಕು ಅಂತ ಶುರು ಮಾಡಿದರು. ಬರೆಯುತ್ತಾ ಹೋದ ಹಾಗೆ ಇದಕ್ಕೆ ಇತಿಹಾಸದ ತರಬೇತಿ ಬೇಕು ಅಂತ ಅನಿಸಿತು. ಬಿಎಗೆ ಸೇರಿದರು. 1963ರಲ್ಲಿ ಬಿಎ, ಅಲ್ಲಿಂದ ಕೊಲಂಬಿಯಾ ವಿಶ್ವವಿದ್ಯಾಲಯ, 1966ರಲ್ಲಿ ಪಿಎಚ್‌ಡಿ. ಮೂರು ವರ್ಷದಲ್ಲಿ ಎಂಎ, ಪಿಎಚ್‌ಡಿ ಎರಡೂ! ಗೈಡ್ ಹಿಂದೆ ಓಡಾಡಿ ಚಪ್ಪಲಿ ಸವೆಸುತ್ತಿರುವ ನಮ್ಮ ಸಂಶೋಧನಾ ವಿದ್ಯಾರ್ಥಿಗಳು ನಿಟ್ಟುಸಿರು ಬಿಡುತ್ತಿರುವುದು ನನಗೆ ಕೇಳಿಸುತ್ತಿದೆ.

ಕೊಲಂಬಿಯಾದಲ್ಲಿ ಪ್ರವೇಶದ ಸಂದರ್ಶನದಲ್ಲಿ ಕೇಳಿದರಂತೆ, ಈ ವಯಸ್ಸಿನಲ್ಲಿ ಯಾಕೆ ಬಂದಿದ್ದೀರಿ ಅಂತ. ಹೆಣ್ಣುಮಕ್ಕಳನ್ನು ಇತಿಹಾಸದೊಳಗೆ ತರಬೇಕು ಅಂತ ಉತ್ತರ ಕೊಟ್ಟರು. ಮಹಿಳಾ ಇತಿಹಾಸ ಎಲ್ಲ ಹಂತದ ಪಾಠಪಟ್ಟಿಯಲ್ಲೂ ಇರಬೇಕು, ಅದರಲ್ಲೇ ಪಿಎಚ್‌ಡಿ ಮಾಡುವ ಹಾಗಾಗಬೇಕು, ಬೇರೇನೋ ಮಾಡುತ್ತಿದ್ದೇವೆ ಅಂತ ಯಾರೂ ಸುಳ್ಳು ಹೇಳಬೇಕಾಗಬಾರದು. ನೋಡಿ, ಆಗಲೇ ಅವರ ತಲೆಯಲ್ಲಿ ಪಾಠಪಟ್ಟಿ ಇತ್ತು. ತರಗತಿಯಲ್ಲಿ ಮೇಷ್ಟ್ರುಗಳು ಹೇಳುವ ಜಗತ್ತಿನಲ್ಲಿ ಎಲ್ಲ ಮುಖ್ಯ ಕೆಲಸವನ್ನೂ ಅರ್ಧ ಜನ ಮಾಡುತ್ತಾರೆ, ಉಳಿದರ್ಧ ಜನ ಇಲ್ಲವೇ ಇಲ್ಲ. ನಾನು ಬದುಕಿದ ಜಗತ್ತು ಇದಲ್ಲ ಅಂತ ಅವರಿಗೆ ಗೊತ್ತಿತ್ತು. 20 ವರ್ಷದ ಹುಡುಗಿಯಾಗಿದ್ದರೆ ಮೇಷ್ಟ್ರು ಹೇಳಿದ್ದನ್ನು ಬರೆದುಕೊಂಡು ಬರುತ್ತಿದ್ದರೋ ಏನೋ.

ಗ್ರಿಮ್ಕೆ ಅಕ್ಕ ತಂಗಿಯರ ಬಗ್ಗೆ ಎರಡು ಮಾತು ಹೇಳಲೇಬೇಕು. ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್‌ನ ನ್ಯಾಯಾಧೀಶರ ಮಕ್ಕಳು ಇವರು. ಮನೆ ತುಂಬ ಗುಲಾಮರು. ಸಾರಾ ಹುಟ್ಟಿದ್ದು 1792ರಲ್ಲಿ. ಕಾನೂನು ಓದುವ ಆಸೆ, ಹೆಣ್ಣು ಅಂತ ಬಿಡಲಿಲ್ಲ. ಅಣ್ಣ ಯೇಲ್ ಕಾಲೇಜಿಗೆ ಹೋದ. ಗುಲಾಮರಿಗೆ ಅಕ್ಷರ ಕಲಿಸಬಾರದು ಅಂತ ಅವರ ಊರಲ್ಲಿ ಕಟ್ಟುಪಾಡು. ಬಾಲಕಿ ಸಾರಾಗೆ ತಲೆ ಬಾಚಲು ಒಬ್ಬ ಗುಲಾಮ ಹುಡುಗಿ ಇದ್ದಳು. ರಾತ್ರಿ ದೀಪ ಆರಿಸಿ, ಬೀಗದ ಕಿಂಡಿ ಮುಚ್ಚಿ, ಇಬ್ಬರೂ ಬೆಂಕಿಗೂಡಿನ ಮುಂದೆ ಬೋರಲು ಮಲಗಿ, ಆ ಬೆಳಕಿನಲ್ಲಿ ಕಾಗುಣಿತದ ಪುಸ್ತಕ ಓದುತ್ತಿದ್ದರು. ಸಾರಾ ಮೇಷ್ಟ್ರು, ಆ ಹುಡುಗಿ ಶಿಷ್ಯೆ. ಮನೆಯವರಿಗೆ ಸಿಕ್ಕಿಬಿದ್ದರು.

ಮುಂದೆ ಅಕ್ಕ ತಂಗಿ ಇಬ್ಬರೂ ಊರು ಬಿಟ್ಟು ಉತ್ತರಕ್ಕೆ ಹೋದರು. ಗುಲಾಮಗಿರಿ ವಿರುದ್ಧ ಊರೂರು ಸುತ್ತಿ ಭಾಷಣ ಮಾಡಿದರು. 1838ರಲ್ಲಿ ಆಂಜೆಲಿನಾ ಮ್ಯಾಸಚೂಸೆಟ್ಸ್ ಶಾಸನಸಭೆಯ ಸಮಿತಿಯ ಮುಂದೆ ಮಾತಾಡಿದರು. ಅಮೆರಿಕದಲ್ಲಿ ಹೆಣ್ಣೊಬ್ಬಳು ಶಾಸನಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು. ಅದೇ ವರ್ಷ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಒಂದು ಸಭಾಂಗಣದಲ್ಲಿ ಅವರು ಮಾತಾಡುವಾಗ ಹೊರಗಿನಿಂದ ಕಲ್ಲು ಬೀಳುತ್ತಿತ್ತು. ಆಂಜೆಲಿನಾ ಮಾತು ನಿಲ್ಲಿಸಲಿಲ್ಲ. ಮರುದಿನ ರಾತ್ರಿ ಜನ ಆ ಕಟ್ಟಡಕ್ಕೇ ಬೆಂಕಿ ಇಟ್ಟರು. ಹೆಂಗಸರು ವೇದಿಕೆ ಹತ್ತಬಾರದು ಅಂತ ಪಾದ್ರಿಗಳು ಬೈಬಲ್ ತೋರಿಸಿದಾಗ ಸಾರಾ ಅದೇ ಬೈಬಲನ್ನು ಹಿಡಿದು ಸಾಲು ಸಾಲಾಗಿ ಉತ್ತರ ಬರೆದರು. ನಮಗೇನೂ ಉಪಕಾರ ಮಾಡಬೇಡಿ, ನಮ್ಮ ಕುತ್ತಿಗೆ ಮೇಲಿಟ್ಟ ಕಾಲು ತೆಗೆಯಿರಿ ಸಾಕು ಅಂದರು.

ಲರ್ನರ್ ಇವರ ಕಥೆಯನ್ನು 1967ರಲ್ಲಿ ಪುಸ್ತಕ ಮಾಡಿದರು. ಆದರೆ ಸಾರಾ ಅವರ ಬೈಬಲ್ ವಾದ ಲರ್ನರ್ ತಲೆಯಿಂದ ಹೋಗಲಿಲ್ಲ. 1993ರ ಅವರ ಇನ್ನೊಂದು ದೊಡ್ಡ ಪುಸ್ತಕ, ಸ್ತ್ರೀವಾದಿ ಅರಿವು ಹೇಗೆ ಬೆಳೆಯಿತು ಅನ್ನುವುದು, ಅಲ್ಲಿಗೇ ಬಂದು ನಿಂತಿತು. ಸಾವಿರ ವರ್ಷಗಳ ಉದ್ದಕ್ಕೂ ಯುರೋಪಿನ ಹೆಣ್ಣುಮಕ್ಕಳು ಬೈಬಲ್ಲಿನ ಅದೇ ಸಾಲುಗಳನ್ನು ಎತ್ತಿಕೊಂಡು, ಬೈಬಲ್ಲಿನ ಮೊದಲ ಹೆಣ್ಣು ಹವ್ವಳ ಮೇಲೆ ಹೊರಿಸಿದ ತಪ್ಪಿಗೆ ಅದೇ ಉತ್ತರ ಬರೆದಿದ್ದಾರೆ. ಆದರೆ ಬಹುಪಾಲು ಜನರಿಗೆ ತಮಗಿಂತ ಮುಂಚೆ ಇನ್ನೊಬ್ಬಳು ಇದನ್ನೇ ಬರೆದಿದ್ದಾಳೆ ಅಂತ ಗೊತ್ತಿರಲಿಲ್ಲ. ಪ್ರತಿಯೊಬ್ಬಳೂ ಮೊದಲಿನಿಂದ ಶುರು. ಗಂಡಸರು ಹಿಂದಿನವನ ಹೆಗಲ ಮೇಲೆ ನಿಂತು ಮುಂದಿನ ವಾದ ಮಾಡುತ್ತಿದ್ದಾಗ ಇವರು ನೆಲದಿಂದಲೇ ಶುರು ಮಾಡಬೇಕಾಯಿತು. ನಮ್ಮ ಮಲೆನಾಡಿನಲ್ಲಿ ಪ್ರತಿ ಮಳೆಗಾಲಕ್ಕೂ ಕಾಲುಸಂಕ ಕೊಚ್ಚಿಹೋಗಿ ಮತ್ತೆ ಅಡಿಕೆ ಮರ ಕಡಿದು ಹೊಸದಾಗಿ ಹಾಕುತ್ತಾರಲ್ಲ, ಹಾಗೆ. ಬುದ್ಧಿ ಕಡಿಮೆಯಾಗಿ ಹೀಗಾದದ್ದಲ್ಲ. ಶಾಲೆ, ಮಠ, ವಿಶ್ವವಿದ್ಯಾಲಯ, ಗ್ರಂಥಾಲಯ ಯಾವುದೂ ಅವರ ಕೈಯಲ್ಲಿ ಇರಲಿಲ್ಲ. ಬರೆದದ್ದನ್ನು ಮುಂದಿನವರಿಗೆ ಪಾಠ ಮಾಡುವ ಜಾಗವೇ ಇರಲಿಲ್ಲ.

ನಮ್ಮಲ್ಲಿ ಕೂಡ ನೋಡಿ. ನಂಜನಗೂಡು ತಿರುಮಲಾಂಬ, 1887ರಲ್ಲಿ ಹುಟ್ಟಿದವರು, ಬಾಲವಿಧವೆ. ‘ಸತಿಹಿತೈಷಿಣಿ’ ಅಂತ ಗ್ರಂಥಮಾಲೆ ನಡೆಸಿದರು, ‘ಕರ್ನಾಟಕ ನಂದಿನಿ’ ಅಂತ ಪತ್ರಿಕೆ ತಂದರು. ಬರೆದರು, ಅಚ್ಚು ಹಾಕಿಸಿದರು, ಓದುಗರನ್ನು ಕಟ್ಟಿಕೊಂಡರು. 1982ರವರೆಗೆ ಬದುಕಿದ್ದರು. ಆದರೆ ಅವರು ಬದುಕಿದ್ದಾಗಲೇ ಅವರ ಹೆಸರು ಜನರ ಬಾಯಿಂದ ಹೋಗಿಬಿಟ್ಟಿತ್ತು. ನಾನು ಓದಿದ ಎಂಎ ಪಾಠಪಟ್ಟಿಯಲ್ಲಿ ಅವರ ಹೆಸರಿನ ಸುಳಿವೂ ಇರಲಿಲ್ಲ. ಪುಸ್ತಕ ಬರೆದರೆ ಸಾಲದು, ಪಾಠ ಆಗಬೇಕು ಅಂತ ನಾನು ಹೇಳುವುದು ಇದಕ್ಕೇ.

ಲರ್ನರ್‌ಗೆ ಈ ಎಚ್ಚರ ಮೇರಿ ಬಿಯರ್ಡ್ ಅವರಿಂದ ಬಂತು. ಮೇರಿ ಬಿಯರ್ಡ್ ಇತಿಹಾಸಕಾರ್ತಿ, ಯಾವ ವಿಶ್ವವಿದ್ಯಾಲಯದಲ್ಲೂ ಹುದ್ದೆ ಇರಲಿಲ್ಲ. ಇತಿಹಾಸದಲ್ಲಿ ಹೆಣ್ಣು ಬರೀ ಬಲಿಪಶು ಅಲ್ಲ, ಶಕ್ತಿಯೂ ಹೌದು ಅಂತ 1946ರಲ್ಲಿ ಪುಸ್ತಕ ಬರೆದರು. ಅದಕ್ಕೂ ಮೊದಲು, 1935ರಲ್ಲಿ, ಹೆಣ್ಣುಮಕ್ಕಳ ಪತ್ರ, ದಿನಚರಿ, ಕಾಗದಪತ್ರ ಎಲ್ಲ ಒಂದೇ ಕಡೆ ಇಡಲು ಒಂದು ಪತ್ರಾಗಾರ ಶುರು ಮಾಡಿದ್ದರು. ದುಡ್ಡು ಸಾಲಲಿಲ್ಲ, 1940ರಲ್ಲಿ ಮುಚ್ಚಿತು. ಲರ್ನರ್ ಜೀವನವಿಡೀ ಬಿಯರ್ಡ್ ಅವರನ್ನು ಗುರು ಅಂತಲೇ ಕರೆದರು. ಗುರುವಿಗೆ ಎಲ್ಲಿ ಸೋಲಾಯಿತು ಅನ್ನುವುದನ್ನು ಶಿಷ್ಯೆ ಚೆನ್ನಾಗಿ ಓದಿಕೊಂಡಿದ್ದರು. ಕಟ್ಟಡ, ಬಜೆಟ್, ಹುದ್ದೆ, ವಿದ್ಯಾರ್ಥಿಗಳು, ಇವು ನಾಲ್ಕೂ ಇಲ್ಲದೆ ಯಾವ ವಿಷಯವೂ ನಿಲ್ಲುವುದಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಪ್ರಸಂಗ. ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ತೆಗೆದುಕೊಳ್ಳುತ್ತೇನೆ, ಅಧ್ಯಕ್ಷರು ಕ್ಷಮಿಸಬೇಕು.

1968ರಲ್ಲಿ ಲರ್ನರ್ ಸಾರಾ ಲಾರೆನ್ಸ್ ಕಾಲೇಜಿಗೆ ಸೇರಿದರು. ನ್ಯೂಯಾರ್ಕ್ ಪಕ್ಕದ ಸಣ್ಣ ಕಾಲೇಜು. ಅಲ್ಲಿ ಮಹಿಳಾ ಇತಿಹಾಸದ ಕೋರ್ಸ್ ಕಟ್ಟಲು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಜೋನ್ ಕೆಲಿ ಅಂತ ಒಬ್ಬ ಇತಿಹಾಸಕಾರ್ತಿ ಇದ್ದರು, ಇಟಲಿಯ ನವೋದಯದ, ಅಂದರೆ ರೆನೆಸಾನ್ಸ್ ಕಾಲದ ತಜ್ಞೆ. ನೀವೂ ಬಂದು ಒಂದು ಉಪನ್ಯಾಸ ಕೊಡಿ ಅಂತ ಲರ್ನರ್ ಕೇಳಿದರು. ಕೆಲಿ ವಿನಯದಿಂದ ಉತ್ತರ ಬರೆದರು. ನನಗೆ ಈ ವಿಷಯದಲ್ಲಿ ಆಸಕ್ತಿ ಇದೆ, ಆದರೆ ನನ್ನ ಕ್ಷೇತ್ರ ನವೋದಯ, ಹೆಣ್ಣುಮಕ್ಕಳ ಬಗ್ಗೆ ಹೇಳುವಂಥದ್ದು ಅದರಲ್ಲಿ ನನ್ನ ಹತ್ತಿರ ಏನೂ ಇಲ್ಲ.

ನಮ್ಮಲ್ಲಿ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದೆವು? ಸರಿ ಮೇಡಂ, ಇನ್ನೊಮ್ಮೆ ನೋಡೋಣ ಅಂತ ಬೇರೆಯವರಿಗೆ ಫೋನ್ ಮಾಡುತ್ತಿದ್ದೆವು. ಲರ್ನರ್ ಕೂತು ಉದ್ದದ ಪತ್ರ ಬರೆದರು. ಪುಟಗಟ್ಟಲೆ. ನವೋದಯದ ಬಗ್ಗೆ ನಿಮಗೆ ಗೊತ್ತಿರುವುದನ್ನೇ ಹೆಣ್ಣುಮಕ್ಕಳ ಕಡೆಯಿಂದ ನೋಡಿದರೆ ಏನು ಕಾಣುತ್ತದೆ ಅಂತ ಒಂದೊಂದೇ ಪ್ರಶ್ನೆ ಇಟ್ಟರು. ಕೆಲಿ ಅದನ್ನು ಓದಿದರು, ಯೋಚನೆ ಮಾಡಿದರು, ಅಲ್ಲಿಗೆ ಅವರ ಇತಿಹಾಸ ತಲೆಕೆಳಗಾಯಿತು. ಆಮೇಲೆ ಕೆಲಿ ಇದನ್ನು ತಾವೇ ಬರೆದಿದ್ದಾರೆ. ಒಂದು ಹೊಸ ಪುಸ್ತಕ ಓದಲಿಲ್ಲ, ಒಂದು ಹೊಸ ದಾಖಲೆ ಸಿಗಲಿಲ್ಲ, ಗೊತ್ತಿದ್ದ ಸಂಗತಿಗಳಿಗೆ ಒಂದೂ ಸೇರಲಿಲ್ಲ. ಆದರೂ ಅದುವರೆಗೆ ನಂಬಿದ್ದ ನವೋದಯದ ಚಿತ್ರ ಪೂರ್ತಿ ಅರೆಬರೆ ಅಂತ ಗೊತ್ತಾಗಿ ಹೋಯಿತು.

1977ರಲ್ಲಿ ಕೆಲಿ ಒಂದು ಪ್ರಬಂಧ ಪ್ರಕಟಿಸಿದರು. ಹೆಣ್ಣುಮಕ್ಕಳಿಗೆ ನವೋದಯ ಇತ್ತೇ ಅನ್ನುವುದೇ ಅದರ ಪ್ರಶ್ನೆ. ಇರಲಿಲ್ಲ, ಕನಿಷ್ಠ ನವೋದಯ ಅಂತ ನಾವು ಕರೆಯುವ ಕಾಲದಲ್ಲಿ ಇರಲಿಲ್ಲ ಅನ್ನುವುದು ಅವರ ಉತ್ತರ. ಗಂಡಸರಿಗೆ ಬಾಗಿಲು ತೆರೆದ ಕಾಲದಲ್ಲೇ ಮೇಲ್ವರ್ಗದ ಹೆಂಗಸರಿಗೆ ಮಧ್ಯಯುಗದಲ್ಲಿ ಇದ್ದ ಕೆಲವು ಅವಕಾಶಗಳು ಮುಚ್ಚಿಹೋದವು. ಈಗ ನೀವು ಬಿಎ ಎರಡನೇ ವರ್ಷದ ತರಗತಿಯಲ್ಲಿ ನವೋದಯದ ಪಾಠ ಮಾಡುವಾಗ ಈ ಒಂದು ಪ್ರಶ್ನೆ ಕೇಳಿ ನೋಡಿ. ನಾನು ಕೇಳಿದ್ದೇನೆ. ಇಡೀ ವರ್ಷ ಬಾಯಿ ಬಿಡದ ಹುಡುಗಿ ಎದ್ದು ನಿಂತು, ಹಾಗಾದರೆ ನಮ್ಮ ಸುವರ್ಣಯುಗಗಳೆಲ್ಲ ಯಾರ ಸುವರ್ಣಯುಗ ಮೇಡಂ ಅಂತ ಕೇಳಿದಳು. ಗುಪ್ತರ ಪಾಠ ಅವತ್ತು ಮುಗಿಯಲೇ ಇಲ್ಲ.

ಒಂದು ಪತ್ರ ಬರೆಯುವ ತಾಳ್ಮೆ! ಲರ್ನರ್ ಅವರ ಪುಸ್ತಕಗಳಷ್ಟೇ ಆ ಪತ್ರವೂ ದೊಡ್ಡದು ಅಂತ ನನಗೆ ಅನಿಸುತ್ತದೆ. ಅವರಿಗೆ ಬೇಕಾಗಿದ್ದದ್ದು ಓದುಗರು ಮಾತ್ರ ಅಲ್ಲ, ಜೊತೆಗಾರರು. 1972ರಲ್ಲಿ ಸಾರಾ ಲಾರೆನ್ಸ್‌ನಲ್ಲಿ ಮಹಿಳಾ ಇತಿಹಾಸದ ಎಂಎ ಶುರುವಾಯಿತು. ಅಮೆರಿಕದಲ್ಲಿ ಮೊದಲನೆಯದು. ಜೋನ್ ಕೆಲಿ ಅಲ್ಲಿ ಲರ್ನರ್ ಜೊತೆ ಪಾಠ ಮಾಡಿದರು. 1982ರಲ್ಲಿ ಕೆಲಿ ತೀರಿಕೊಂಡರು, ವಯಸ್ಸು ಹೆಚ್ಚಾಗಿರಲಿಲ್ಲ. ಅವರ ನೆನಪಿನಲ್ಲಿ ಅಮೆರಿಕದ ಇತಿಹಾಸಕಾರರ ಸಂಘ ಒಂದು ಪ್ರಶಸ್ತಿ ಇಟ್ಟಿತು. 1986ರಲ್ಲಿ ಅದು ಸಿಕ್ಕಿದ್ದು ಗೆರ್ಡಾ ಲರ್ನರ್‌ಗೆ, ಪಿತೃಪ್ರಧಾನತೆಯ ಆ ಪುಸ್ತಕಕ್ಕೆ.

ಅದೇ 1972ರಲ್ಲಿ ಲರ್ನರ್ ಇನ್ನೊಂದು ಪುಸ್ತಕ ತಂದರು. ಅಮೆರಿಕದ ಕರಿಯ ಹೆಣ್ಣುಮಕ್ಕಳ ದಾಖಲೆಗಳ ಸಂಪುಟ. ಆ ಕಾಲಕ್ಕೆ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು, ದಾಖಲೆಗಳೇ ಇಲ್ಲ ಅಂತ. ಲರ್ನರ್ ಹುಡುಕಿದರು. ಪತ್ರ, ಕೋರ್ಟಿನ ಹೇಳಿಕೆ, ಸಂಘಗಳ ನಡಾವಳಿ, ಪತ್ರಿಕೆಯ ತುಣುಕು, ಶಾಲೆ ಕಟ್ಟಲು ಚಂದಾ ಎತ್ತಿದವರ ವರದಿ. ರಾಶಿ ಸಿಕ್ಕಿತು. ಇಲ್ಲ ಅನ್ನುವುದು ಹುಡುಕದವರ ಮಾತು ಅಂತ ಗೊತ್ತಾಯಿತು.

ಇಲ್ಲಿ ನನ್ನ ತರಗತಿಯದ್ದೇ ಒಂದು ಸಂಗತಿ. ಮನೆಯಲ್ಲಿ ಹೆಂಗಸರ ಕೈಬರಹದ ಏನಾದರೂ ಇದ್ದರೆ ತನ್ನಿ ಅಂತ ಮಕ್ಕಳಿಗೆ ಹೇಳಿದ್ದೆ. ನಮ್ಮ ಮನೇಲಿ ಅಂಥದ್ದೇನೂ ಇಲ್ಲ ಮೇಡಂ ಅಂದರು ಎಲ್ಲರೂ. ಒಬ್ಬ ಹುಡುಗ ಅಜ್ಜಿಯ ಒಂದು ನೋಟ್‌ಬುಕ್ ತಂದ. ಅಡಿಕೆ ಸುಲಿತದ ಲೆಕ್ಕ. ಎಡಗಡೆ ಹೆಂಗಸರ ಹೆಸರು, ಎದುರಿಗೆ ಒಂದು ಡಬ್ಬಕ್ಕೆ ಒಂದು ಗೆರೆ, ಐದಾದ ಮೇಲೆ ಅಡ್ಡಗೆರೆ. ಮಧ್ಯೆ ಮಧ್ಯೆ ಸಣ್ಣ ಅಕ್ಷರದಲ್ಲಿ, ಇವಳಿಗೆ ಸೀರೆಗೆ ಮುಂಗಡ, ಇವಳ ಮಗುವಿಗೆ ಜ್ವರ ಬರಲಿಲ್ಲ, ಇವಳು ಎರಡು ಡಬ್ಬ ಜಾಸ್ತಿ ಅಂತ ಜಗಳ. ಪುಟದ ಅಂಚಿನಲ್ಲಿ ಅಡಿಕೆ ಚೊಗರಿನ ಕಲೆ. ಮೆಟ್ಟುಗತ್ತಿಯ ಮುಂದೆ ರಾತ್ರಿ ಕೂತು ದುಡಿದ ಹೆಂಗಸರ ಹೆಸರು, ದುಡಿಮೆ, ಸಾಲ, ಕಾಯಿಲೆ ಎಲ್ಲ ಅದರಲ್ಲಿತ್ತು. ನಮ್ಮ ಜಿಲ್ಲೆಯ ಅಡಿಕೆ ವ್ಯಾಪಾರದ ಬಗ್ಗೆ ಎಷ್ಟೋ ಲೇಖನ ಓದಿದ್ದೇನೆ. ಮಂಡಿ ಇದೆ, ಸಾಹುಕಾರರಿದ್ದಾರೆ, ಧಾರಣೆ ಇದೆ. ಸುಲಿದವರ ಹೆಸರು ನಾನು ನೋಡಿದ್ದು ಆ ನೋಟ್‌ಬುಕ್ಕಿನಲ್ಲಿ ಮಾತ್ರ. ಪಾಠ ಇದ್ದದ್ದಕ್ಕೆ ಅದು ಹೊರಗೆ ಬಂತು. ಇಲ್ಲದಿದ್ದರೆ ಹಳೇ ಪೇಪರಿನವನ ಪಾಲು.

ಲರ್ನರ್ 1969ರಲ್ಲಿ ಬರೆದ ಒಂದು ಲೇಖನವನ್ನೂ ಹೇಳಬೇಕು. 19ನೇ ಶತಮಾನದ ಮೊದಲ ಭಾಗವನ್ನು ಅಮೆರಿಕದಲ್ಲಿ ಸಾಮಾನ್ಯ ಮನುಷ್ಯನ ಯುಗ ಅಂತ ಕರೆಯುತ್ತಾರೆ. ಬಿಳಿಯ ಗಂಡಸರಿಗೆಲ್ಲ ಮತದಾನದ ಹಕ್ಕು ಬಂದ ಕಾಲ. ಲರ್ನರ್ ಅದೇ ಕಾಲವನ್ನು ಹೆಣ್ಣುಮಕ್ಕಳ ಕಡೆಯಿಂದ ನೋಡಿದರು. ಅದುವರೆಗೆ ಮದ್ದು ಕೊಡುತ್ತಿದ್ದ, ಹೆರಿಗೆ ಮಾಡಿಸುತ್ತಿದ್ದ ಹೆಂಗಸರು ಇದ್ದರು. ವೈದ್ಯಕೀಯ ಕಾಲೇಜು ಮತ್ತು ಪರವಾನಗಿ ಬಂದ ಮೇಲೆ ಅವರು ಹೊರಗೆ, ಯಾಕೆಂದರೆ ಕಾಲೇಜಿಗೆ ಹೆಣ್ಣುಮಕ್ಕಳನ್ನು ಸೇರಿಸುತ್ತಿರಲಿಲ್ಲ. ನ್ಯೂಜೆರ್ಸಿಯಲ್ಲಿ ಹೆಂಗಸರಿಗೂ ಮತ ಇತ್ತು, 1807ರಲ್ಲಿ ಅದನ್ನೂ ಕಿತ್ತುಕೊಂಡರು. ಬಡ ಹುಡುಗಿಯರು ಬಟ್ಟೆ ಗಿರಣಿಗೆ ದುಡಿಯಲು ಹೋದರು. ಅದೇ ಹೊತ್ತಿಗೆ ಒಳ್ಳೆಯ ಹೆಂಗಸು ಅಂದರೆ ಮನೆಯೊಳಗಿರುವವಳು ಅನ್ನುವ ಉಪದೇಶವೂ ಜೋರಾಯಿತು. ಇದನ್ನು ನಮ್ಮ ಬೀಡಿ ಕಟ್ಟುವ ಅಕ್ಕಂದಿರಿಗೆ, ಗಾರ್ಮೆಂಟ್ಸ್ ಹುಡುಗಿಯರಿಗೆ ಹೇಳಿ ನೋಡಿ, ನಮಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷ ಅಂತ ಬರೆದಿದ್ದಾರೆ, ಧನ್ಯವಾದ ಸರ್. ಹಾಳೆಯಲ್ಲಿ ಇನ್ನೂ ಬಹಳ ಇದೆ. ಬೇಗ ಹೇಳುತ್ತೇನೆ.

ಪಿತೃಪ್ರಧಾನತೆಯ ಪುಸ್ತಕ. ನೀವೆಲ್ಲ ಓದಿದ್ದೀರಿ ಅಂತ ನಂಬಿ ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಮೂರು ಸಾವಿರ ವರ್ಷಕ್ಕೂ ಹಿಂದಿನ, ಮೆಸೊಪೊಟೇಮಿಯಾದ ಅಸ್ಸೀರಿಯಾ ರಾಜ್ಯದ ಮಣ್ಣಿನ ಫಲಕದ ಮೇಲಿನ ಕಾನೂನು, 40ನೆಯದು. ಗೃಹಸ್ಥರ ಹೆಂಡತಿ, ಮಗಳು, ವಿಧವೆ ಬೀದಿಗೆ ಬಂದರೆ ತಲೆ ಮುಚ್ಚಬೇಕು. ವೇಶ್ಯೆ, ಗುಲಾಮ ಹೆಂಗಸು ಮುಚ್ಚಬಾರದು. ಮುಚ್ಚಿಕೊಂಡ ವೇಶ್ಯೆಗೆ 50 ಏಟು, ತಲೆ ಮೇಲೆ ಬಿಸಿ ಡಾಂಬರು. ನೋಡಿಯೂ ಹಿಡಿದು ಕೊಡದ ಗಂಡಸಿಗೂ ಶಿಕ್ಷೆ. ಇವಳು ಒಬ್ಬ ಗಂಡಸಿನ ರಕ್ಷಣೆಯಲ್ಲಿರುವವಳು, ಇವಳು ಎಲ್ಲರ ಕೈಗೂ ಸಿಗುವವಳು, ಹೀಗೆ ಹೆಣ್ಣುಮಕ್ಕಳನ್ನೇ ಎರಡು ಪಾಲು ಮಾಡಿ, ಆ ಗೆರೆಯನ್ನು ರಾಜ್ಯವೇ ಕಾಯುತ್ತಿತ್ತು. ಲರ್ನರ್ ತೋರಿಸಿದ್ದು ಇದನ್ನು. ಈ ವ್ಯವಸ್ಥೆ ದೇವರು ಕೊಟ್ಟದ್ದಲ್ಲ, ಪ್ರಕೃತಿ ಕೊಟ್ಟದ್ದೂ ಅಲ್ಲ. ಸುಮಾರು 2500 ವರ್ಷಗಳ ಕಾಲ ಹಂತ ಹಂತವಾಗಿ ಕಟ್ಟಿದ್ದು. ಶುರು ಇದ್ದದ್ದಕ್ಕೆ ಕೊನೆಯೂ ಇರುತ್ತದೆ. ಮೆಸೊಪೊಟೇಮಿಯಾದ ತಜ್ಞರು ಕೆಲವರು ಅವರ ಓದನ್ನು ಪ್ರಶ್ನಿಸಿದ್ದಾರೆ, ಪ್ರಶ್ನಿಸಬೇಕಾದ್ದೇ. ಆದರೆ 60 ದಾಟಿದ ಅಮೆರಿಕ ಇತಿಹಾಸದ ಪ್ರೊಫೆಸರ್ ತಮ್ಮ ಕ್ಷೇತ್ರ ಬಿಟ್ಟು, ಮೊದಲಿನಿಂದ ಕಲಿತು, ಅಷ್ಟು ಹಳೆಯ ಕಾಲಕ್ಕೆ ಹೋಗಿ ಬರೆದರಲ್ಲ. ರಿಟೈರ್ ಆಗುವ ವರ್ಷ ಎಣಿಸುವ ವಯಸ್ಸು ಅದು.

ಇನ್ನು ನಮ್ಮ ಮಾರ್ಚ್ ತಿಂಗಳ ವಿಷಯ. 1979ರ ಬೇಸಿಗೆಯಲ್ಲಿ ಲರ್ನರ್ ಸಾರಾ ಲಾರೆನ್ಸ್‌ನಲ್ಲಿ ಒಂದು ಶಿಬಿರ ಮಾಡಿದರು. ಬಂದವರು ಪ್ರೊಫೆಸರುಗಳಲ್ಲ, ದೇಶದ ಬೇರೆ ಬೇರೆ ಮಹಿಳಾ ಸಂಘಟನೆಗಳ ಮುಖಂಡರು. ಅವರಿಗೆ ಇತಿಹಾಸದ ಪಾಠ. ಕ್ಯಾಲಿಫೋರ್ನಿಯಾದ ಸೊನೋಮಾ ಎಂಬ ಜಿಲ್ಲೆಯಲ್ಲಿ ಶಾಲೆಗಳು 1978ರಲ್ಲಿ ಮಾರ್ಚ್ 8ರ ವಾರ ಮಹಿಳಾ ಇತಿಹಾಸದ ಸಪ್ತಾಹ ಮಾಡಿದ್ದವು. ಶಿಬಿರದಲ್ಲಿ ಅದರ ಸುದ್ದಿ ಕೇಳಿ, ಇದನ್ನು ದೇಶದ ಎಲ್ಲ ಕಡೆ ಮಾಡಿಸೋಣ ಅಂತ ಹೊರಟರು. ಮರುವರ್ಷ, 1980ರಲ್ಲಿ, ಅಧ್ಯಕ್ಷ ಕಾರ್ಟರ್ ರಾಷ್ಟ್ರೀಯ ಸಪ್ತಾಹ ಘೋಷಿಸಿದರು. ಘೋಷಣೆಯಲ್ಲಿ ಲರ್ನರ್ ಅವರ ಮಾತನ್ನೇ ಹಾಕಿದರು, ಮಹಿಳೆಯರ ಇತಿಹಾಸ ಮಹಿಳೆಯರ ಹಕ್ಕು ಅಂತ. 1987ರಲ್ಲಿ ವಾರ ಹೋಗಿ ತಿಂಗಳಾಯಿತು. ಗಮನಿಸಿ, ಅಲ್ಲಿ ಆಚರಣೆ ಹುಟ್ಟಿದ್ದು ತರಗತಿಯಿಂದ. ನಮ್ಮಲ್ಲಿ ಆಚರಣೆ ಇದೆ, ತರಗತಿ ಇನ್ನೂ ಬರಬೇಕು.

1980ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ, ಮ್ಯಾಡಿಸನ್. ಅಲ್ಲಿ ಮಹಿಳಾ ಇತಿಹಾಸದ ಪಿಎಚ್‌ಡಿ ಕಾರ್ಯಕ್ರಮ ಕಟ್ಟಿದರು. ಕೊಲಂಬಿಯಾದ ಸಂದರ್ಶನದಲ್ಲಿ ಹೇಳಿದ್ದು ಆಗಿಹೋಯಿತು. 1981ರಲ್ಲಿ ಅಮೆರಿಕದ ಇತಿಹಾಸಕಾರರ ಸಂಘಟನೆಯೊಂದಕ್ಕೆ ಅಧ್ಯಕ್ಷೆಯಾದರು, ಆ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತು ಆಗಲೇ 50 ವರ್ಷ ಆಗಿತ್ತು. 1991ರಲ್ಲಿ ನಿವೃತ್ತಿ. 2002ರಲ್ಲಿ ಆತ್ಮಕಥೆ, ಬಹಳ ಕಾಲ ಹೇಳದಿದ್ದ ಕಮ್ಯುನಿಸ್ಟ್ ದಿನಗಳನ್ನೂ ಅದರಲ್ಲಿ ಬರೆದರು. 2013ರ ಜನವರಿ 2ರಂದು ಮ್ಯಾಡಿಸನ್‌ನಲ್ಲಿ ತೀರಿಕೊಂಡರು, 92 ವರ್ಷ. ಗಂಡ ತೀರಿಕೊಂಡಾಗಿನ ದಿನಗಳ ಬಗ್ಗೆ ಅವರು ಬರೆದ ಪುಸ್ತಕ, ಜನಾಂಗದ ಪ್ರಶ್ನೆ, ವರ್ಗದ ಪ್ರಶ್ನೆ, ಇವೆಲ್ಲ ನನ್ನ ಹಾಳೆಯಲ್ಲೇ ಉಳಿಯುತ್ತಿವೆ. ಊಟದ ಹೊತ್ತಿನಲ್ಲಿ ಹಿಡಿದು ಕೇಳಿ, ಹೇಳುತ್ತೇನೆ.

ಕೊನೆಗೆ ಕೆಲಸದ ಮಾತು. ಅಧ್ಯಯನ ಮಂಡಳಿಯ ಸದಸ್ಯರು ಇಲ್ಲಿ ಇದ್ದೀರಿ ಅಂತ ಗೊತ್ತು. ‘ಕರ್ನಾಟಕದಲ್ಲಿ ಮಹಿಳೆಯರ ಇತಿಹಾಸ’ ಅಂತ ಒಂದು ಸೆಮಿಸ್ಟರಿನ ಐಚ್ಛಿಕ ಪತ್ರಿಕೆಗೆ ಕರಡು ಮಾಡಿಕೊಂಡು ಬಂದಿದ್ದೇನೆ. ನಾಲ್ಕು ಘಟಕ. ಒಂದರಲ್ಲಿ ಶಾಸನಗಳು, ದಾನ ಕೊಟ್ಟ, ಕೆರೆ ಕಟ್ಟಿಸಿದ ಹೆಂಗಸರು. ಒಂದರಲ್ಲಿ ವಚನಕಾರ್ತಿಯರಿಂದ ತಿರುಮಲಾಂಬ ಅವರವರೆಗೆ ಬರವಣಿಗೆ. ಒಂದರಲ್ಲಿ ದುಡಿಮೆ, ಗದ್ದೆ, ತೋಟ, ಬೀಡಿ, ಗಾರ್ಮೆಂಟ್ಸ್. ನಾಲ್ಕನೆಯದು ಪೂರ್ತಿ ಕ್ಷೇತ್ರಕಾರ್ಯ, ಪ್ರತಿ ವಿದ್ಯಾರ್ಥಿ ಮನೆಯ ಅಥವಾ ಊರಿನ ಒಂದು ದಾಖಲೆ ತಂದು ಅದರ ಮೇಲೆ ಬರೆಯಬೇಕು. ಅಂಕ ಜಾಸ್ತಿ ಇಟ್ಟಿದ್ದೇನೆ, ಮಕ್ಕಳು ಸೇರಲಿ ಅಂತ! ಪ್ರತಿಗಳು ಹಿಂದಿನ ಮೇಜಿನ ಮೇಲಿವೆ. ತೆಗೆದುಕೊಂಡು ಹೋಗಿ, ತಿದ್ದಿ, ಹೊಡೆದು ಹಾಕಿ, ಸೇರಿಸಿ, ಮುಂದಿನ ಸಭೆಗೆ ಮೊದಲು ನನಗೆ ವಾಪಸ್ ಕಳಿಸಿ. ಜನ ಸೇರುವುದಿಲ್ಲ ಅಂತ ಮಾತ್ರ ಹೇಳಬೇಡಿ. ಮೊದಲ ವರ್ಷ ಸೇರದಿದ್ದರೆ ಎರಡನೇ ವರ್ಷ ಮತ್ತೆ ಪ್ರಕಟಿಸೋಣ.

ಇನ್ನು ಎರಡು ಪ್ರಶ್ನೆಗಳಿಗೆ ಸಮಯ ಇದೆಯಂತೆ. ಹುಡುಗಿಯರು ಮೊದಲು ಕೇಳಿ.